ಓದುಗರ ಪ್ರಶ್ನೆ: ಜೀರುಂಡೆಯ ಬೆನ್ನು, ಅಧಿಕಾರಿಯ ಮೊಹರು

ಪ್ರಶ್ನೆ: ಶಾಲೆಯ ವಸ್ತುಪ್ರದರ್ಶನಕ್ಕೆ ಪ್ರಾಚೀನ ಈಜಿಪ್ಟಿನ ಅಧಿಕಾರಿಗಳ ಜೀರುಂಡೆ ಮೊಹರನ್ನು (ಮೇಲೆ ಜೀರುಂಡೆಯ ಆಕಾರ, ಚಪ್ಪಟೆ ತಳದಲ್ಲಿ ಬರಹ) ಮಕ್ಕಳು ಬಳಪದ ಕಲ್ಲಿನಲ್ಲಿ ಕೆತ್ತಿದ್ದಾರೆ. ಒತ್ತಿದರೆ ಮಣ್ಣೇ ಮೊಹರಿಗೆ ಅಂಟಿಕೊಂಡು ಬರುತ್ತದೆ. ಮೂಡಿದ ಅಚ್ಚೂ ಮರುದಿನ ಬಿರುಕು ಬಿಡುತ್ತದೆ.
– ಶಿಕ್ಷಕಿ, ದಾವಣಗೆರೆ

ಉತ್ತರ: ಕಲ್ಲು ಸರಿಯಾಗಿದೆ. ಈಜಿಪ್ಟಿನವರೂ ಹೆಚ್ಚಾಗಿ ಬಳಪದ ಕಲ್ಲನ್ನೇ ಕೆತ್ತಿ, ಹಸಿರು-ನೀಲಿ ಮೆರುಗು ಕೊಟ್ಟು ಸುಡುತ್ತಿದ್ದರು; ಕಾವಿಗೆ ಕಲ್ಲು ಗಟ್ಟಿಯಾಗುತ್ತಿತ್ತು. ತೊಂದರೆ ಮಣ್ಣಿನದು. ಹೊಲದ ಎರೆಮಣ್ಣು ತಂದಿದ್ದರೆ ಬಿಡಿ, ಅದು ನೀರು ಕುಡಿದು ಉಬ್ಬಿ, ಒಣಗಿದಾಗ ಬಾಯಿ ಬಿಡುತ್ತದೆ. ಕುಂಬಾರರು ಬಳಸುವ ಜೇಡಿಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಬೆರಳಿಗೆ ಅಂಟದಷ್ಟು ಆರಿಸಿ. ಮೊಹರಿಗೆ ಎಣ್ಣೆಯನ್ನು ಸವರಿ ಒರೆಸಿಬಿಡಿ. ಹೆಚ್ಚಾದರೆ ಗೆರೆಗಳಲ್ಲಿ ನಿಂತು ಅಚ್ಚು ಮಸುಕಾಗುತ್ತದೆ. ನೇರವಾಗಿ ಒತ್ತಿ, ನೇರವಾಗಿ ಎತ್ತಿ. ಕೆತ್ತಿದ ಗೆರೆಯ ಬಾಯಿ ಕಿರಿದಾಗಿ ತಳ ಅಗಲವಾಗಿದ್ದರೆ ಮಣ್ಣು ಒಳಗೇ ಕಚ್ಚಿಕೊಳ್ಳುತ್ತದೆ, ಉಜ್ಜಿ ಸರಿಪಡಿಸಿ. ಒಣಗಿಸುವುದು ನೆರಳಲ್ಲಿ.

ಆದರೆ ಬರೀ ಮಣ್ಣುಂಡೆಗೆ ಒತ್ತಿ ಇಟ್ಟರೆ ಅರ್ಧ ವಿಷಯವೇ ತಪ್ಪಿಹೋಗುತ್ತದೆ. ಒಂದು ಮರದ ಪೆಟ್ಟಿಗೆ ತನ್ನಿ. ಮುಚ್ಚಳಕ್ಕೊಂದು, ಮೈಗೊಂದು ಗುಬಟು. ಎರಡಕ್ಕೂ ದಾರ ಸುತ್ತಿ, ಗಂಟಿನ ಮೇಲೆ ಮಣ್ಣು ಮೆತ್ತಿ ಮೊಹರು ಒತ್ತಿ. ಕಳ್ಳನನ್ನು ತಡೆಯುವ ಬಲ ಇದಕ್ಕಿಲ್ಲ. ಯಾರೋ ತೆರೆದಿದ್ದಾರೆ ಎಂಬುದನ್ನು ಮಾತ್ರ ಮುಚ್ಚಿಡಲಾಗದು, ಅದೇ ಇದರ ಕೆಲಸ. ಉಗ್ರಾಣದ ಬಾಗಿಲು, ಚೀಲ, ಪಪೈರಸ್ ಪತ್ರ, ಎಲ್ಲಕ್ಕೂ ಇದೇ ಕ್ರಮ. ಒಡೆದು ಬಿಸಾಡಿದ ಇಂಥ ಮಣ್ಣಿನ ತುಂಡುಗಳು ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾದ ಉರೊನಾರ್ತಿ ಕೋಟೆಯಲ್ಲಿ ಸಾವಿರಾರು ಸಿಕ್ಕಿವೆ. ಕೆಲವುದರಲ್ಲಿ ಕಚೇರಿಯ ದೊಡ್ಡ ಮುದ್ರೆಯ ಮೇಲೆಯೇ ಅಧಿಕಾರಿಯ ಸ್ವಂತ ಜೀರುಂಡೆ ಮೊಹರೂ ಬಿದ್ದಿದೆ. ಪರಿಣತರು ಮೊದಲು ತಿರುವಿ ನೋಡುವುದು ತುಂಡಿನ ಹಿಂಬದಿಯನ್ನು: ದಾರದ ಹುರಿಯೋ, ಮರದ ಗುಬಟೋ, ಪಪೈರಸ್ಸಿನ ನಾರೋ ಅಲ್ಲಿ ಅಚ್ಚಾಗಿರುತ್ತದೆ. ನಿಮ್ಮ ಪ್ರದರ್ಶನದಲ್ಲೂ ಒಂದು ತುಂಡನ್ನು ಬೋರಲು ಹಾಕಿಡಿ.

ಪ್ರಶ್ನೆ: ಹೆಸರು, ಹುದ್ದೆ ಕೆತ್ತಿದ ಜೀರುಂಡೆಗಳೆಲ್ಲ ಕಚೇರಿಯಲ್ಲಿ ಬಳಕೆಯಾದವೇ?
– ಓದುಗ, ಚಿತ್ರದುರ್ಗ

ಉತ್ತರ: ಇಲ್ಲ. 12–13ನೇ ರಾಜವಂಶಗಳ ಕಾಲದ ಹಲವು ಮೊಹರುಗಳಲ್ಲಿ ಹೆಸರಿನ ನಂತರ ‘ಮತ್ತೆ ಬದುಕುವವನು’ ಎಂಬ ಅರ್ಥದ ಬಿರುದಿದೆ. ಅದು ಪರಲೋಕದ ಮಾತು. ಅಂಥವನ್ನು ತಾಯಿತವಾಗಿಯೂ ಇಟ್ಟಿರಬಹುದು. ಅದರ ನಂತರದ, ಉತ್ತರ ಈಜಿಪ್ಟನ್ನಾಳಿದ ಹೊರಮೂಲದ ಹಿಕ್ಸೋಸ್ ರಾಜರ ಕಾಲದ ಖಜಾನೆ ಅಧಿಕಾರಿ ಹಾರ್ ಎಂಬವನ ಹೆಸರಿನ ಜೀರುಂಡೆಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. ಉಂಗುರವಾಗಿ ತೊಡಲು ಒಬ್ಬನ ಬೆರಳಿಗೆ ಅಷ್ಟು ಬೇಕಿಲ್ಲವಷ್ಟೆ! ಇನ್ನು ಶವದ ಎದೆಯ ಮೇಲಿಡುತ್ತಿದ್ದ ದೊಡ್ಡ ‘ಹೃದಯ ಜೀರುಂಡೆ’ ಬೇರೆಯೇ ಜಾತಿ. ಅದರ ತಳದಲ್ಲಿರುವುದು ಪರಲೋಕದ ತೀರ್ಪಿನ ಹೊತ್ತಿಗೆ ಹೃದಯ ತನ್ನ ಒಡೆಯನ ವಿರುದ್ಧ ಸಾಕ್ಷಿ ಹೇಳದಿರಲಿ ಎಂಬ ಮಂತ್ರ.