ಆ ಫೋನಿನ ಸಾಲು ನಾಲ್ಕನೇ ಪುಟದಲ್ಲಿ ಯಾಕಿದೆ?

ನಮಸ್ಕಾರ. ನೀವು ಕಳಿಸಿದ ಲೇಖನ ಎರಡು ಸಲ ಓದಿದೆ, ಒಂದ್ಸಲ ಕೆಲಸದ ಮಧ್ಯೆ, ಇನ್ನೊಂದ್ಸಲ ರಾತ್ರಿ ಊಟ ಆದ್ಮೇಲೆ ಸಮಾಧಾನವಾಗಿ. ಈಗಿರೋ ಹಾಗೆ ಇದನ್ನ ಹಾಕೋಕಾಗಲ್ಲ. ಆದ್ರೆ "ಆಯ್ಕೆಯಾಗಿಲ್ಲ" ಅಂತ ಒಂದು ಸಾಲು ಬರ್ದು ಕೈ ತೊಳ್ಕೊಳ್ಳೋಕೆ ಮನಸ್ಸು ಒಪ್ಪಲಿಲ್ಲ, ಯಾಕಂದ್ರೆ ಇದರ ಅಡಿಯಲ್ಲೆಲ್ಲೋ ಒಂದು ಒಳ್ಳೆ ಬರಹ ಇದೆ, ನೀವೇ ಅದರ ಮೇಲೆ ಸಾಮಾನು ಪೇರಿಸಿದ್ದೀರ.

ನೀವು ಒಪ್ಪಿರೋದ್ರಿಂದ ಈ ಉತ್ತರ ಬೇರೆ ಬರೆಯೋರೂ ಓದ್ತಾರೆ, ಅವ್ರಿಗೋಸ್ಕರ ವಿಷಯ ಇಷ್ಟು. 90ರ ದಶಕದ ದಾವಣಗೆರೆ, ಮಾವ ಬೆಂಗಳೂರಿಂದ ತಂದುಕೊಟ್ಟ ಟಿವಿ ಗೇಮು, ಹನ್ನೊಂದು ಗೇಮ್ ಕ್ಯಾಸೆಟ್ಟು, ಟಿವಿಗೆ ಗುರಿಯಿಟ್ಟು ಆಡೋ ಒಂದು ಗನ್ನು. ನೀವು ಹಾಸ್ಟೆಲ್ ಸೇರಿದ ವರ್ಷ ಮನೆಯವರು ಮನೆ ಬದಲಾಯಿಸಿದ್ರು, ಅಮ್ಮ ಅದೆಲ್ಲಾನೂ ಗುಜರಿಯವನಿಗೆ ಹಾಕಿದ್ರು. ಈಗ ನಲವತ್ತು ದಾಟಿದ ಮೇಲೆ ಒಂದೊಂದೇ ಹುಡುಕಿ ದುಡ್ಡು ಕೊಟ್ಟು ತರಿಸಿ, ಗೋಡೆಗೆ ಶೆಲ್ಫ್ ಹೊಡೆಸಿ ಜೋಡಿಸಿದ್ದೀರ, ಆದ್ರೂ ಹೊಟ್ಟೆಯೊಳಗಿನ ಸಂಕಟ ಹೋಗಿಲ್ಲ.

ಮೊದಲು ರೇಟಿನ ವಿಷಯ ಮುಗಿಸಿಬಿಡ್ತೀನಿ. ಮೊದಲ ಪುಟ ಪೂರ್ತಿ ಹಳೇ ಗೇಮುಗಳ ಬೆಲೆಗಳೇ ಇವೆ. 2021ರ ಆಗಸ್ಟಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಅನ್ನೋ ಗೇಮಿನ ಒಂದು ಪ್ರತಿ 20 ಲಕ್ಷ ಡಾಲರ್‌ಗೆ ಮಾರಾಟ ಆಯ್ತು ಅನ್ನೋದು ನಿಜ, ನಾನು ಇಲ್ಲ ಅನ್ನಲ್ಲ. ಆದ್ರೆ ಅದು ಸೀಲ್ ಒಡೆಯದ ಪ್ರತಿ, ಯಾವ ಮಗೂನೂ ಒಂದು ದಿನ ಆಡದೇ ಇದ್ದದ್ದು. ನಿಮ್ಮ ಕ್ಯಾಸೆಟ್ಟನ್ನ ಇಡೀ ಬೀದಿ ಆಡಿದೆ ಮಾರಾಯ್ರೆ, ಸ್ಟಿಕರ್ ಕಿತ್ತೋಗಿ ಹಿಂದೆ ಬಾಲ್‌ಪೆನ್ನಲ್ಲಿ ನಿಮ್ಮ ಹೆಸರು ಬರೆದಿತ್ತು ಅಂತ ನೀವೇ ಹೇಳ್ತೀರ. ಆ ಹರಾಜಿಗೂ ನಿಮ್ಮ ಸಂಕಟಕ್ಕೂ ಏನು ಸಂಬಂಧ? ಗುಜರಿಗೆ ಹೋಗಿದ್ದು ದುಡ್ಡು ಅಂತ ಓದೋರು ಅಂದ್ಕೊಳ್ತಾರೆ, ಹಾಗಂದ್ಕೊಂಡ ಮೇಲೆ ಮುಂದಿನ ಪುಟಗಳನ್ನ ಯಾರೂ ನಂಬಲ್ಲ. ಮೊದಲ ಪುಟ ತೆಗೀರಿ.

ಎರಡನೇದು, ನೀವು "ನನ್ನ ನಿಂಟೆಂಡೊ" ಅಂತ, ಅಂದ್ರೆ ಆ ಜಪಾನಿ ಕಂಪನಿಯ ಅಸಲಿ ಮಷೀನು ಅನ್ನೋ ಹಾಗೆ ಬರೀತಾ ಹೋಗಿದ್ದೀರ. ನಿಮ್ಮ ವರ್ಣನೆ ನೋಡಿದ್ರೆ ಅದು ನಿಂಟೆಂಡೊ ಆಗಿರಲಿಕ್ಕೆ ಸಾಧ್ಯ ಇಲ್ಲ. ಮೇಲಿಂದ ನೆಟ್ಟಗೆ ಚುಚ್ಚೋ ಕ್ಯಾಸೆಟ್ಟು, ಒಂದೇ ಕ್ಯಾಸೆಟ್ಟಲ್ಲಿ 9999 ಗೇಮ್ ಅಂತ ಮೆನು, ನಾಲ್ಕು ಪೇಜ್ ಕೆಳಗೆ ಹೋದ್ರೆ ಅದೇ ಗೇಮು ಬೇರೆ ಹೆಸರಲ್ಲಿ. ಅದು 1983ರಲ್ಲಿ ಜಪಾನಲ್ಲಿ ಬಂದ ಫ್ಯಾಮಿಕಾಮ್ ಅನ್ನೋ ನಿಂಟೆಂಡೊ ಮಷೀನಿನ ನಕಲು, ನಮ್ಮಲ್ಲಿ ಲಿಟಲ್ ಮಾಸ್ಟರ್, ಟರ್ಮಿನೇಟರ್, ಮೀಡಿಯಾ ಅಂತ ಏನೇನೋ ಹೆಸರಲ್ಲಿ ಮನೆಮನೆಗೆ ಬಂತು. ಅದರ ಕ್ಯಾಸೆಟ್ಟಿಗೆ, ಮಷೀನಿನೊಳಗೆ ತಾಗೋ ಕಡೆ, 60 ಪಿನ್ನು. ಈಗ ನಿಮ್ಮ ಶೆಲ್ಫಿನ ನಡುಮಧ್ಯೆ ಇಟ್ಟಿದ್ದೀರಲ್ಲ, ನಿಂಟೆಂಡೊದವರು ಅಮೆರಿಕದಲ್ಲಿ ಮಾರಿದ ಬೂದು ಬಣ್ಣದ ಮಷೀನು ಎನ್‌ಇಎಸ್, ಅದಕ್ಕೆ 72 ಪಿನ್ನು. ಅಂದ್ರೆ ಆವತ್ತಿನ ಆ ಹುಡುಗ ತನ್ನ ಕ್ಯಾಸೆಟ್ ಹಿಡ್ಕೊಂಡು ಈಗ ನಿಮ್ಮ ರೂಮಿಗೆ ಬಂದ್ರೆ ಅದು ಆ ಮಷೀನಿನೊಳಗೆ ಕೂರೋದೇ ಇಲ್ಲ! "ವಾಪಸ್ ಪಡ್ಕೊಂಡೆ" ಅನ್ನೋ ಮಾತನ್ನ ಒಂಬತ್ತು ಸಲ ಬಳಸಿದ್ದೀರ, ನಾನು ಎಣಿಸಿದೆ. ನಿಮ್ಮ ಹತ್ರ ಯಾವತ್ತೂ ಇಲ್ಲದೇ ಇದ್ದದ್ದನ್ನ ತಗೊಂಡು ವಾಪಸ್ ಅಂತಿದ್ದೀರ. ನಕಲಿ ಅಂತ ನಾಚಿಕೆ ಬೇಡ, ನಮ್ಮ ಬಾಲ್ಯ ನಡೆದಿದ್ದೇ ಅದರಲ್ಲಿ. ಆ ನಕಲಿಯನ್ನೇ ಬರೀರಿ.

ಮತ್ತೆ, ಯಾಕೆ "ಕಾರ್ಟ್ರಿಡ್ಜ್"? ನಾವ್ಯಾರೂ ಹಾಗಂತಿರ್ಲಿಲ್ಲ. ಕ್ಯಾಸೆಟ್ಟು ಅಂತಿದ್ವಿ, ಕಂಟ್ರೋಲರ್‌ಗೆ ರಿಮೋಟು ಅಂತಿದ್ವಿ. ದಾವಣಗೆರೆ ಹುಡುಗನ ಬಾಯಲ್ಲಿ ಹಳೇ ಗೇಮ್ ಕೂಡಿಡೋರ ಮಾತು ತುರುಕಿದ ತಕ್ಷಣ ಆ ಹುಡುಗ ಸತ್ತೋಗ್ತಾನೆ.

ಈಗ ಸ್ವಲ್ಪ ಕಷ್ಟದ ಮಾತು. ಮೂರನೇ ಪುಟದಲ್ಲಿ, ಹಳೇ ಗನ್ನಿನಂಥದ್ದೇ ಒಂದು ತರಿಸಿ, ನಿಮ್ಮ ಹೊಸ 55 ಇಂಚಿನ ಟಿವಿಗೆ ಹಾಕಿ ಮಗನ ಜೊತೆ ಡಕ್ ಹಂಟ್ ಅನ್ನೋ ಬಾತುಕೋಳಿ ಹೊಡೆಯೋ ಗೇಮ್ ಆಡಿದ್ರಿ, ಬಾತುಕೋಳಿ ಪಟಪಟ ಅಂತ ಬಿದ್ವು, ಮಗ ಚಪ್ಪಾಳೆ ತಟ್ಟಿದ ಅಂತ ಬರ್ದಿದ್ದೀರ. ಅದು ಆಗಲ್ಲ. ಆ ಗನ್ನಿಂದ ಏನೂ ಹೊರಗೆ ಹೋಗಲ್ಲ, ಅದರ ಬಾಯಲ್ಲಿರೋದು ಬೆಳಕು ನೋಡೋ ಒಂದು ಕಣ್ಣು. ಟ್ರಿಗರ್ ಒತ್ತಿದ ಕೂಡ್ಲೇ ಪರದೆ ಒಂದು ಕ್ಷಣ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇರೋ ಜಾಗದಲ್ಲಿ ಒಂದು ಬಿಳೀ ಚೌಕ ಮೂಡುತ್ತೆ, ಗನ್ನಿಗೆ ಆ ಬಿಳುಪು ಕಂಡ್ರೆ ಹಕ್ಕಿ ಬಿತ್ತು. ಇದೆಲ್ಲ ಹಳೇ ಡಬ್ಬಾ ಟಿವಿಯ ಲೆಕ್ಕಕ್ಕೆ ಮಾಡಿದ್ದು, ಈಗಿನ ಟಿವಿ ಚಿತ್ರ ತೋರ್ಸೋದ್ರಲ್ಲಿ ಒಂಚೂರು ತಡ ಮಾಡುತ್ತೆ, ಗನ್ನು ನೋಡೋ ಹೊತ್ತಿಗೆ ಬಿಳುಪು ಬಂದೇ ಇರಲ್ಲ. ಹಾಗಾಗಿ ನೀವು ಎಷ್ಟು ಹತ್ರ ಹೋಗಿ ಹೊಡೆದ್ರೂ ಆ ಹಕ್ಕಿ ಹಾರ್ಕೊಂಡೇ ಹೋಗುತ್ತೆ.

ಅಂದ್ರೆ ಆ ಸಂಜೆ ಬೇರೆ ಏನೋ ಆಗಿದೆ. ಬಹುಶಃ ಹೊಡೆದ್ರಿ, ಹೊಡೆದ್ರಿ, ಬೀಳಲಿಲ್ಲ, ಮಗ ಬೇಜಾರಾಗಿ ಎದ್ದು ಹೋದ. ನೀವು ಗನ್ ಹಿಡ್ಕೊಂಡು ಕೂತೇ ಇದ್ರಿ. ನನಗೆ ಗೊತ್ತಿಲ್ಲ, ನೀವೇ ಹೇಳ್ಬೇಕು. ನೀವು ಸುಳ್ಳು ಹೇಳಿದ್ರಿ ಅಂತ ಬೈತಿಲ್ಲ, ಮುಗುಳ್ನಗೆ ತರಿಸೋ ಒಂದು ಜಾಗ ಬೇಕು ಅನ್ನಿಸಿರುತ್ತೆ, ಎಲ್ರೂ ಮಾಡ್ತಾರೆ. ಆದ್ರೆ ಆ ನಿಜವಾದ ಸಂಜೆ ನನಗೆ ಬೇಕು.

ಇಡೀ ಲೇಖನದಲ್ಲಿ ಒಂದು ಅಕ್ಷರಾನೂ ಮುಟ್ಟಬೇಡಿ ಅಂತ ಹೇಳೋ ಜಾಗ ಒಂದಿದೆ. ಕಾಂಟ್ರಾ ಅನ್ನೋ ಇಬ್ಬರು ಸೇರಿ ಗುಂಡು ಹೊಡೆಯೋ ಗೇಮ್ ಆಡುವಾಗ ತಂಗಿ ಎರಡನೇ ರಿಮೋಟ್ ಹಿಡ್ಕೊಂಡು ಕೆಂಪು ಪ್ಯಾಂಟಿನವನಾಗಿ ಆಡ್ತಿದ್ದು, ಅವಳ ಲೈಫ್ ಎಲ್ಲ ಮುಗಿದ ಮೇಲೆ ಎ ಬಟನ್ ಒತ್ತಿ ನಿಮ್ಮ ಲೈಫ್ ಕದಿಯೋದು, ನೀವು ಒಂದು ಕೈಯಲ್ಲಿ ಆಡ್ತಾ ಇನ್ನೊಂದು ಕೈಯಿಂದ ಅವಳ ಹೆಬ್ಬೆರಳನ್ನ ಒತ್ತಿ ಹಿಡಿಯೋದು, ಅವಳು ಕಾಲ್ಬೆರಳಲ್ಲಿ ಒತ್ತೋಕೆ ನೋಡೋದು. ಇದನ್ನ ಓದ್ತಾ ನಾನು ಸುಮ್ನೆ ಕೂತುಬಿಟ್ಟೆ. ನಾನೂ ಅಣ್ಣನ ಪಕ್ಕ ಎರಡನೇ ರಿಮೋಟ್ ಹಿಡ್ಕೊಂಡು ಬೆಳೆದವಳು. ಅದಕ್ಕೇ ಕೇಳ್ತೀನಿ, ಆ ಹುಡುಗಿ ಆಮೇಲೆ ಎಲ್ಲಿ ಹೋದಳು? ಮುಂದಿನ ಪುಟಗಳಲ್ಲಿ ಅವಳು ಇಲ್ಲವೇ ಇಲ್ಲ. "ನನ್ನ ಕ್ಯಾಸೆಟ್ಟು, ನನ್ನ ಗನ್ನು, ನನಗೆ ಕೇಳದೇ ಕೊಟ್ಟುಬಿಟ್ರು." ನೀವು ಹಾಸ್ಟೆಲ್‌ಗೆ ಹೋದಾಗ ಅವಳು ಮನೇಲೇ ಇದ್ದಳಲ್ವಾ, ಗುಜರಿಯವನು ತಕ್ಕಡಿ ಎತ್ತಿದಾಗ ಬಾಗಿಲಲ್ಲಿ ನಿಂತಿದ್ದವಳು ಅವಳೇ ಇರ್ಬೇಕು. ಅವಳನ್ನ ಒಂದ್ಸಲಾನಾದ್ರೂ ಕೇಳಿದ್ದೀರಾ?

ಇನ್ನು ನಾಲ್ಕನೇ ಪುಟ, ಮೇಲಿಂದ ಆರನೇ ಸಾಲು. ನಿಮ್ಮ ಮಾತಲ್ಲೇ ಹೇಳೋದಾದ್ರೆ, "ಅಮ್ಮ ಹಾಸ್ಟೆಲ್ ಫೋನಿಗೆ ಮಾಡಿ ಆ ಡಬ್ಬ ಏನ್ ಮಾಡ್ಲೋ ಅಂತ ಕೇಳಿದ್ದರು, ನಾನು ಏನಾದ್ರು ಮಾಡಮ್ಮ ಅಂದಿದ್ದೆ." ಅಷ್ಟೇ. ಮುಂದಿನ ಸಾಲಲ್ಲೇ ಮತ್ತೆ ಅಮ್ಮಂದಿರಿಗೆ ಇದೆಲ್ಲ ಅರ್ಥ ಆಗಲ್ಲ ಅಂತ ಶುರು ಮಾಡಿದ್ದೀರ.

ಅಲ್ಲ, ನಿಮಗೆ ಕೇಳಿದ್ದಾರೆ! ಅಲ್ಲೀವರೆಗೂ ತಪ್ಪನ್ನೆಲ್ಲ ಅಮ್ಮನ ಮೇಲೆ ಹೊರೆಸಿದ ಮೇಲೆ, ಅವ್ರು ಕೇಳಿದ್ರು ಅನ್ನೋದನ್ನ ಒಂದು ಸಾಲಲ್ಲಿ ಹೇಳಿ ದಾಟಿಬಿಡ್ತೀರ. ನೀವು ಈ ಲೇಖನ ಬರೆದದ್ದೇ ಆ ಒಂದು ಸಾಲಿಗೋಸ್ಕರ ಅಂತ ನನಗನ್ನಿಸುತ್ತೆ, ಬರೆಯುವಾಗ ಹತ್ರ ಬಂದು ಬೆಚ್ಚಿ ಪಕ್ಕಕ್ಕೆ ಸರಿದಿದ್ದೀರ. ಹಾಸ್ಟೆಲ್‌ಗೆ ಒಂದೇ ಫೋನ್ ಇದ್ದ ಕಾಲ, ವಾರ್ಡನ್ ಕೂಗಿ ಕರೀಬೇಕು, ಹಿಂದೆ ಹುಡುಗರು ಕಾಯ್ತಿರ್ತಾರೆ, ಹದಿನೆಂಟು ವರ್ಷದವನಿಗೆ ಟಿವಿ ಗೇಮ್ ವಿಷಯ ಮಾತಾಡೋಕೆ ನಾಚಿಕೆ. ಆ ಒಂದು ನಿಮಿಷ ನಿಮಗೆ ಪೂರ್ತಿ ನೆನಪಿದೆ ಅಂತ ನನಗೆ ಗ್ಯಾರಂಟಿ. ಅಲ್ಲಿಂದ ಶುರು ಮಾಡಿ.

ಕ್ಯಾಸೆಟ್ ಊದೋದ್ರ ಬಗ್ಗೆ ಒಂದು ಸಾಲು ಬರ್ದು ಬಿಟ್ಟಿದ್ದೀರ, ಅದನ್ನ ಬೆಳಸ್ಬಹುದು. ಗೇಮ್ ಬರದೇ ಇದ್ದಾಗ ತೆಗೆದು ಉಫ್ ಅಂತ ಊದಿ ಹಾಕ್ತಿದ್ವಿ, ಬರ್ತಿತ್ತು. ಊದಿದ್ದಕ್ಕೆ ಬಂದದ್ದಲ್ಲ, ತೆಗೆದು ಹಾಕಿದ್ದಕ್ಕೆ ಪಿನ್ನು ಸರಿಯಾಗಿ ಕೂತಿರೋದು. ನಮ್ಮ ಉಸಿರಿನ ತೇವಕ್ಕೆ ಆ ಪಿನ್ನು ನಿಧಾನಕ್ಕೆ ಹಾಳಾಗ್ತಿತ್ತು. ನನ್ನ ಹತ್ರ ಉಳಿದಿರೋ ಒಂದೇ ಒಂದು ಹಳದಿ ಕ್ಯಾಸೆಟ್ಟಿನ ಬಾಯಲ್ಲಿ ಈಗ ಹಸಿರು ಕಿಲುಬು ಕೂತಿದೆ, ಎಡಗಡೆ ಮೂಲೇಲಿ ಜಾಸ್ತಿ, ಅಣ್ಣ ಯಾವಾಗ್ಲೂ ಆ ಕಡೆಯಿಂದಾನೇ ಊದ್ತಿದ್ದ.

ಮತ್ತೆ ಕಳಿಸಿ, 1500 ಪದದೊಳಗೆ. ಶೆಲ್ಫಿನ ಫೋಟೋ ಬೇಡ. ಕೊನೇ ಪುಟದಲ್ಲಿ ಬ್ರಾಕೆಟ್ಟಲ್ಲಿ ಹಾಕಿದ್ದೀರಲ್ಲ, ಗೇಮು ಹೋಯ್ತು, ಅಡಾಪ್ಟರ್ ಮಾತ್ರ ಮನೇಲೇ ಉಳೀತು, ಅಮ್ಮ ಅದನ್ನ ಅಡುಗೆಮನೆ ರೇಡಿಯೋಗೆ ಹಾಕ್ಕೊಂಡಿದ್ರು ಅಂತ, ಅದನ್ನ ಬ್ರಾಕೆಟ್ಟಿಂದ ಬಿಡಿಸಿ. ಕಳಿಸೋಕೆ ಮುಂಚೆ ಊರಿಗೆ ಒಂದು ಫೋನ್ ಮಾಡಿ, ಆ ರೇಡಿಯೋ ಈಗ್ಲೂ ನಡೀತಿದ್ಯಾ ಅಂತ ಕೇಳಿ.