ಬಿಸ್ಮತ್-209ರ ಕ್ಷಯ ಕಾಲೇಜು ಲ್ಯಾಬಲ್ಲಿ ಕಾಣುತ್ತಾ?

ಚಿಕ್ಕಬಳ್ಳಾಪುರದ ಕಾಲೇಜಿನ 2 ಇಂಚಿನ ಸೋಡಿಯಂ ಅಯೋಡೈಡ್ ಡಿಟೆಕ್ಟರ್ (ವಿಕಿರಣ ಬಿದ್ದರೆ ಮಿನುಗುವ ಹರಳಿರುವ ಉಪಕರಣ) ಪಕ್ಕ ಬಿಸ್ಮತ್ ತುಂಡು ಇಟ್ಟರೆ ಅದರ ಕ್ಷಯ, ಅಂದರೆ ಪರಮಾಣು ಕಣ ಹೊರಹಾಕಿ ಬೇರೆ ಧಾತುವಾಗುವುದು, ಕಾಣುತ್ತಾ ಅಂತ ಕೇಳಿದ್ದೀರಿ. ಇಲ್ಲ ಸರ್. ಬಿಸ್ಮತ್ ಹೊರಹಾಕುವ 3.1 ಎಂಇವಿ (ಶಕ್ತಿಯ ಅಳತೆ) ಆಲ್ಫಾ ಕಣ ಬಹುಪಾಲು ಲೋಹದೊಳಗೇ ನಿಂತುಬಿಡುತ್ತದೆ. ಹೊರಬಂದಿದ್ದನ್ನು ಹರಳಿನ ಅಲ್ಯೂಮಿನಿಯಂ ಕವಚ ತಡೆಯುತ್ತದೆ.

ಬಿಸ್ಮತ್ ಹರಳಿನೊಳಗೇ ಇರಬೇಕು, ಅಂದರೆ ಬಿಜಿಒ (ಬಿಸ್ಮತ್, ಜರ್ಮೇನಿಯಂ, ಆಕ್ಸಿಜನ್ ಸೇರಿದ, ಅದೇ ರೀತಿ ಮಿನುಗುವ ಹರಳು). ಬಿಸ್ಮತ್-209ರ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣು ಕ್ಷಯವಾಗಲು ಬೇಕಾದ ಕಾಲ) ಸುಮಾರು 2ರ ಮುಂದೆ 19 ಸೊನ್ನೆಯಷ್ಟು ವರ್ಷ. ಆದರೂ 1 ಕೆಜಿ ಬಿಜಿಒದಲ್ಲಿ ದಿನಕ್ಕೆ ಸುಮಾರು 180 ಕ್ಷಯ ಆಗುತ್ತವೆ. ಕಮ್ಮಿಯೇನಲ್ಲ! ಕಷ್ಟ ಇರುವುದು ಹಿನ್ನೆಲೆ ವಿಕಿರಣದಲ್ಲಿ. ನಮ್ಮ ಕಡೆಯ ಗ್ರಾನೈಟ್ ಗೋಡೆ, ನೆಲದಿಂದಲೇ ಸೆಕೆಂಡಿಗೆ ನೂರಾರು ಗಾಮಾ ಕಿರಣ ಬಡಿಯುತ್ತವೆ. ಆಲ್ಫಾ ಕೊಡುವ ಬೆಳಕೂ ಕಡಿಮೆ, ಹಾಗಾಗಿ ಅದರ ಶಿಖರ (ಒಂದೇ ಶಕ್ತಿಯ ಎಣಿಕೆಗಳು ಗ್ರಾಫಿನಲ್ಲಿ ಮಾಡುವ ಗುಡ್ಡ) 3.1 ಎಂಇವಿಯಲ್ಲಿ ಬರದೆ ತೀರಾ ಕೆಳಗೆ, ಗಾಮಾಗಳ ನಡುವೆ ಮುಳುಗುತ್ತದೆ. ಜೊತೆಗೆ ಬಿಜಿಒದಲ್ಲಿ ಗಾಮಾ ಸೂಸುವ ಬಿಸ್ಮತ್-207ರ ಕಲಬೆರಕೆ ಬೇರೆ. 2003ರಲ್ಲಿ ಬಿಸ್ಮತ್-209ರ ಕ್ಷಯ ಪತ್ತೆ ಮಾಡಿದ ಫ್ರಾನ್ಸಿನ ತಂಡ, ಹರಳನ್ನು ಅತಿಶೀತದಲ್ಲಿಟ್ಟು ಶಾಖ, ಬೆಳಕು ಎರಡನ್ನೂ ಅಳೆದು ಆಲ್ಫಾವನ್ನು ಬೇರ್ಪಡಿಸಿತು.

ನಿಮ್ಮ ಡಿಟೆಕ್ಟರಿಗೆ ಪೊಟ್ಯಾಸಿಯಂ-40 (ಎಲ್ಲ ಪೊಟ್ಯಾಸಿಯಂನಲ್ಲೂ ಸಹಜವಾಗಿರುವ ವಿಕಿರಣಶೀಲ ಬಗೆ) ಸರಿ. ಗೊಬ್ಬರದಂಗಡಿಯ ಪೊಟ್ಯಾಷ್ 1 ಕೆಜಿ ಸಾಕು; ಸೆಕೆಂಡಿಗೆ ಸುಮಾರು 1,600 ಗಾಮಾ ಹೊರಡುತ್ತವೆ. ಸುತ್ತ 5 ಸೆಂಮೀ ಸೀಸ ಜೋಡಿಸಿ, ಅದರ 1461 ಕೆಇವಿ (ಎಂಇವಿಯ ಸಾವಿರದ ಒಂದು ಭಾಗ) ಶಿಖರ ಎಣಿಸಿ. ಪೊಟ್ಯಾಷ್ ತೆಗೆದು ಅಷ್ಟೇ ಹೊತ್ತು ಎಣಿಸಿ ಕಳೆಯಲೇಬೇಕು, ಗ್ರಾನೈಟೂ ಅದೇ ಶಿಖರ ಕೊಡುತ್ತದೆ. ಕೋಣೆಯ ತಾಪ ಬದಲಾದರೆ ಶಿಖರ ಜರುಗುತ್ತದೆ, ಆಗಾಗ ಸೀಸಿಯಂ-137ರ 662 ಕೆಇವಿಗೆ ಹೊಂದಿಸಿಕೊಳ್ಳಿ.