ನೀಟ್ ಕೈ ಕೊಡ್ತು, ಬಿಎನ್‌ವೈಎಸ್ ಸೇರಿ ನ್ಯಾಚುರೋಪತಿ ಡಾಕ್ಟರ್ ಆಗ್ಲಾ?

ನೀವು ಕೇಳಿರೋದು ಇಷ್ಟು: ನೀಟಲ್ಲಿ ಎಂಬಿಬಿಎಸ್‌ಗೆ ಸಾಲೋಷ್ಟು ಮಾರ್ಕ್ಸ್ ಬರ್ಲಿಲ್ಲ, ಸಿಇಟಿಲಿ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಡಿಗ್ರಿ) ಸೀಟ್ ಸಿಗೋ ಹಾಗಿದೆ, ಅಮ್ಮನ ಮಂಡಿನೋವು ನೋಡಿ ನೋಡಿ ನಿಮಗೂ ಈ ಕಡೆ ಆಸೆ ಬಂದಿದೆ, ಆದ್ರೆ ಅಪ್ಪ "ಮಣ್ಣು ಮೆತ್ತೋದಕ್ಕೆ ಐದು ವರ್ಷ ಓದ್ಬೇಕಾ" ಅಂತಿದಾರೆ, ಸೇರ್ಲಾ ಬೇಡ್ವಾ. ನಾನು ಅದನ್ನೇ ಓದಿ ಒಂಬತ್ತು ವರ್ಷದಿಂದ ಅದರಲ್ಲೇ ಅನ್ನ ತಿಂತಿರೋನು. ಹಾಸನ ಕಡೆಯವ್ನು, ಓದಿದ್ದು ದಕ್ಷಿಣ ಕನ್ನಡದಲ್ಲಿ. ನಮ್ಮಪ್ಪನೂ ಹೆಚ್ಚುಕಮ್ಮಿ ಇದೇ ಮಾತು ಅಂದಿದ್ರು ಬಿಡಿ.

ಮೊದ್ಲು ಲೆಕ್ಕ ಹೇಳ್ಬಿಡ್ತೀನಿ. ಕೋರ್ಸ್ ಐದೂವರೆ ವರ್ಷ, ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಡಿಗ್ರಿ ಕೊಡೋದು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ, ಅದೇ ಎಂಬಿಬಿಎಸ್‌ನವರಿಗೆ ಕೊಡೋ ಯೂನಿವರ್ಸಿಟಿನೇ. ಉಜಿರೆ ಎಸ್‌ಡಿಎಂ ಕಾಲೇಜು 1989ರಿಂದ ಇದೆ, ಮೂಡುಬಿದಿರೆಯಲ್ಲಿ ಆಳ್ವಾಸ್‌ದು ಇದೆ, ಮೈಸೂರಲ್ಲಿ ಸರ್ಕಾರಿ ಕಾಲೇಜೇ ಇದೆ, ಇನ್ನೂ ಇದಾವೆ. ನಾನು ಸೇರಿದ್ದು ಸಿಇಟಿ ರ‍್ಯಾಂಕ್ ಮೇಲೆ. ಫೀಸು, ಸೀಟು, ರೂಲ್ಸು ಎಲ್ಲ ವರ್ಷ ವರ್ಷ ಬದಲಾಗ್ತಿರುತ್ತೆ, ಅದನ್ನ ಸಿಇಟಿ ನಡೆಸೋ ಕೆಇಎ ಸೈಟಲ್ಲೇ ನೋಡ್ಕೊಳಿ, ಯಾರೋ ಏಜೆಂಟ್ ಹೇಳಿದ್ದನ್ನ ನಂಬಬೇಡಿ.

ಈಗ ಓದಿನ ವಿಷ್ಯ. ತುಂಬಾ ಜನ ಏನ್ ಅನ್ಕೊಂಡಿರ್ತಾರೆ ಅಂದ್ರೆ ಇಲ್ಲಿ ಯೋಗ ಮಾಡ್ಕೊಂಡು, ಜ್ಯೂಸ್ ಕುಡ್ಕೊಂಡು ಆರಾಮಾಗಿ ಪಾಸಾಗ್ಬಹುದು ಅಂತ. ಫಸ್ಟ್ ಇಯರ್ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ನಮಗೂ ಹೆಣ ಕೊಯ್ಯೋ ಹಾಲ್ ಇತ್ತು, ಮೊದಲ ದಿನ ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು ಸುರೀತಿತ್ತು, ಮಧ್ಯಾಹ್ನ ಮೆಸ್ಸಲ್ಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ಆಮೇಲೆ ಪೆಥಾಲಜಿ, ಮೈಕ್ರೋಬಯಾಲಜಿ, ಕಮ್ಯುನಿಟಿ ಮೆಡಿಸಿನ್, ಅದರ ಜೊತೆಗೇ ಜಲಚಿಕಿತ್ಸೆ, ಮಸಾಜು, ಅಕ್ಯುಪಂಕ್ಚರು, ಉಪವಾಸ, ಆಹಾರ, ಯೋಗ. ಮ್ಯಾಗ್ನೆಟ್ ಚಿಕಿತ್ಸೆ, ಬಣ್ಣದ ಬೆಳಕಿನ ಚಿಕಿತ್ಸೆ ಅಂತಾನೂ ಇರುತ್ತೆ, ಪರೀಕ್ಷೆಗೆ ಬರೆದೆ, ಪಾಸಾದೆ, ಆದ್ರೆ ನಂಗೆ ಇವತ್ತಿಗೂ ಅವುಗಳ ಮೇಲೆ ನಂಬಿಕೆ ಕೂತಿಲ್ಲ. ಇದನ್ನ ಹೇಳಿದ್ರೆ ನಮ್ಮವರಲ್ಲೇ ಕೆಲವರು ಬೈತಾರೆ, ಬೈಲಿ.

ಮಣ್ಣಿನ ವಿಷ್ಯಕ್ಕೆ ಬರ್ತೀನಿ, ನಿಮ್ಮಪ್ಪಂಗೂ ಓದಿ ಹೇಳಿ. ಹಿತ್ತಲಿಂದ ಮಣ್ಣು ಬಾಚ್ಕೊಂಡು ಬಂದು ಮೆತ್ತೋದಲ್ಲ. ಮೇಲಿನ ಮಣ್ಣಲ್ಲಿ ಗೊಬ್ಬರ, ಕಸ, ಔಷಧಿ ಎಲ್ಲ ಸೇರಿರುತ್ತೆ ಅಂತ ಮೂರ್ನಾಲ್ಕು ಅಡಿ ಕೆಳಗಿಂದ ತೆಗೀತಾರೆ, ಕಲ್ಲು ಬೇರು ಆರಿಸಿ, ಬಿಸಿಲಿಗೆ ಒಣಗ್ಸಿ, ಕುಟ್ಟಿ, ಜರಡಿ ಹಿಡಿದು, ರಾತ್ರಿ ನೆನೆ ಹಾಕ್ತಾರೆ. ಬೆಳಿಗ್ಗೆ ಒದ್ದೆ ಬಟ್ಟೆ ಮೇಲೆ ಒಂದು ಇಂಚು ದಪ್ಪಕ್ಕೆ ಹರಡಿ, ಇಟ್ಟಿಗೆ ಥರ ಮಡಚಿ ಹೊಟ್ಟೆ ಮೇಲೆ ಇಡೋದು, ಇಪ್ಪತ್ತರಿಂದ ಮೂವತ್ತು ನಿಮಿಷ. ನೀರು ಜಾಸ್ತಿ ಆದ್ರೆ ಪಕ್ಕೆಯಿಂದ ಸೋರಿ ಬೆಡ್‌ಶೀಟ್ ಹಾಳು, ಕಮ್ಮಿ ಆದ್ರೆ ಬಿರುಕು ಬಿಟ್ಟು ಉದುರುತ್ತೆ. ನಾನು ಮೊದಲ ಸಲ ಮಾಡಿದ ಪಟ್ಟಿ ನೋಡಿ, ಅಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡ್ತಿದ್ದ ಅಟೆಂಡರ್ ಅಕ್ಕ ತುಳುವಲ್ಲಿ ಏನೋ ಅಂದ್ರು, ಎಲ್ಲರೂ ನಕ್ಕರು, ನಂಗೆ ಆವಾಗ "ಎಂಚ ಉಲ್ಲರ್" (ಹೇಗಿದೀರ) ಬಿಟ್ಟು ಬೇರೇನೂ ಬರ್ತಿರ್ಲಿಲ್ಲ. ಕೈ ಕೆಲಸ ನಿಜವಾಗ್ಲೂ ಕಲ್ತಿದ್ದು ಆ ಅಕ್ಕನ ಹತ್ರಾನೇ. ಕಟಿಸ್ನಾನದ ತೊಟ್ಟಿ ಅಂತ ಒಂದಿದೆ, ಸೊಂಟ ಮಾತ್ರ ನೀರಲ್ಲಿ, ಕಾಲು ಹೊರಗೆ, ಜರ್ಮನಿಯ ಲೂಯಿ ಕೂನೆ ಹೆಸರು ಮಾಡಿಸಿದ್ದು. ಗಾಂಧೀಜಿನೂ ಈ ಮಣ್ಣಿನ ಪಟ್ಟಿ, ಕಟಿಸ್ನಾನ ಎಲ್ಲ ತಮ್ಮ ಮೇಲೆ, ಮನೆಯವರ ಮೇಲೆ ಪ್ರಯೋಗ ಮಾಡ್ತಿದ್ರು. 1945ರ ನವೆಂಬರ್ 18ಕ್ಕೆ ಅವರು ಪ್ರಕೃತಿ ಚಿಕಿತ್ಸೆ ಟ್ರಸ್ಟಿನ ಅಧ್ಯಕ್ಷರಾದ್ರು ಅಂತ ಆ ದಿನಾನೇ ಈಗ ಪ್ರಕೃತಿ ಚಿಕಿತ್ಸಾ ದಿನ ಮಾಡ್ತಾರೆ, ಕಾಲೇಜಲ್ಲಿ ಅವತ್ತು ನಮಗೆ ಭಾಷಣ ಜಾಸ್ತಿ, ಊಟ ಕಮ್ಮಿ.

ಒಂದು ಒಳ್ಳೆ ಪದ್ಧತಿ ಏನಂದ್ರೆ ರೋಗಿಗೆ ಮಾಡೋದನ್ನ ಮೊದ್ಲು ನೀವೇ ಮಾಡಿಸ್ಕೋಬೇಕು, ಎನಿಮಾನೂ ಸೇರಿ. ಮೂರು ದಿನ ಬರೀ ಎಳನೀರು, ನಿಂಬೆಹಣ್ಣಿನ ನೀರಲ್ಲಿ ಇದ್ದೆ, ಎರಡನೇ ದಿನ ಕಾಫಿ ಇಲ್ದೆ ತಲೆ ಸಿಡೀತಿತ್ತು, ಹಾಸನದವ್ನಿಗೆ ಕಾಫಿ ಬಿಡ್ಸೋದು ಅಂದ್ರೆ ಶಿಕ್ಷೆ ಅಲ್ವಾ. ಆದ್ರೆ ಆಮೇಲೆ ಯಾವ ರೋಗಿ "ಡಾಕ್ಟ್ರೇ ತಲೆನೋವು" ಅಂದ್ರೂ ಅಸಡ್ಡೆ ಮಾಡೋಕೆ ಮನಸ್ಸು ಬರಲ್ಲ.

ಇನ್ನೊಂದು ಘಟನೆ ಹೇಳ್ಬೇಕು, ಯಾಕಂದ್ರೆ ನಾನು ಈ ಓದನ್ನ ಸೀರಿಯಸ್ಸಾಗಿ ತಗೊಂಡಿದ್ದು ಅದಾದ್ಮೇಲೆ. ಇಂಟರ್ನ್‌ಶಿಪ್ ಟೈಮು, ಶುಗರ್ ಇರೋ ಒಬ್ಬರು ಜ್ಯೂಸ್ ಉಪವಾಸದಲ್ಲಿದ್ರು, ಹಿಸ್ಟರಿ ತಗೊಂಡಿದ್ದು ನಾನೇ. ಮಾತ್ರೆ ಏನ್ ತಗೋತೀರ ಅಂತ ಕೇಳಿದ್ದೆ, ಬರ್ಕೊಂಡಿದ್ದೆ, ಆದ್ರೆ ಉಪವಾಸದ ದಿನಗಳಲ್ಲಿ ಅದನ್ನ ಏನ್ ಮಾಡ್ಬೇಕು ಅಂತ ಅವರಿಗೆ ಬಿಡಿಸಿ ಹೇಳಿರ್ಲಿಲ್ಲ. ಅವರು ಪಾಪ ಶಿಸ್ತಿನ ಮನುಷ್ಯ, ದಿನಾ ಬೆಳಿಗ್ಗೆ ಪರ್ಸಿಂದ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತೆಗೆದು ನುಂಗ್ತಿದ್ರು. ಆ ಮಾತ್ರೆ ನೀವು ಊಟ ಮಾಡಿದೀರೋ ಇಲ್ವೋ ನೋಡಲ್ಲ, ಇನ್ಸುಲಿನ್ ಸುರಿಸ್ತಾನೇ ಇರುತ್ತೆ. ಎರಡನೇ ದಿನ ಕಟಿಸ್ನಾನದ ಹತ್ರ ಟವೆಲ್ ಹಿಡಿದು ನಿಂತಿದ್ದವರು ಹಾಗೇ ಬೆವರೋಕೆ ಶುರು, ಕೈ ನಡುಗ್ತಿದೆ, ನನ್ನ ಹೆಸರು ಕೇಳಿದ್ರೆ ಬೇರೆ ಯಾರದ್ದೋ ಹೆಸರು ಹೇಳ್ತಿದಾರೆ. ಬೆರಳು ಚುಚ್ಚಿ ನೋಡಿದ್ರೆ ಶುಗರ್ 52, ತೀರಾ ಕಮ್ಮಿ. ಗ್ಲೂಕೋಸ್ ಕುಡಿಸಿ, ಹತ್ತು ಹದಿನೈದು ನಿಮಿಷದಲ್ಲಿ ಸರಿ ಹೋದ್ರು, ಆಮೇಲೂ ದಿನಪೂರ್ತಿ ಪಕ್ಕದಲ್ಲೇ ಕೂತು ಶುಗರ್ ನೋಡ್ತಾನೇ ಇದ್ವಿ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ನಾವು ಅಲೋಪತಿ ಔಷಧಿ ಬರೆಯೋ ಹಾಗಿಲ್ಲ, ಆದ್ರೆ ಅದು ಮೈಯಲ್ಲಿ ಏನ್ ಮಾಡುತ್ತೆ ಅಂತ ಗೊತ್ತಿಲ್ದೆ ಈ ಕೆಲಸ ಮಾಡೋಕಾಗಲ್ಲ. ಮಾತ್ರೆ ಕಮ್ಮಿ ಮಾಡೋದಿದ್ರೆ ಅದನ್ನ ಬರೆದ ಡಾಕ್ಟರ್ ಜೊತೆ ಮಾತಾಡಿಯೇ ಮಾಡ್ಬೇಕು. ವಾಟ್ಸಾಪಲ್ಲಿ "ಇನ್ಸುಲಿನ್ ಬಿಡಿ, ಹಾಗಲಕಾಯಿ ಕುಡೀರಿ" ಅನ್ನೋರನ್ನ ನೋಡಿದ್ರೆ ಮೈ ಉರಿಯುತ್ತೆ, ಎದೆನೋವು ಅಂತ ಬಂದವರಿಗೆ, ಗಂಟು ಇದೆ ಅಂತ ಬಂದವರಿಗೆ ನಾನು ಮೊದ್ಲು ಬರೆಯೋದು ರೆಫರಲ್ ಚೀಟಿ.

ಕೆಲಸ, ಸಂಬಳ. ಇಲ್ಲಿ ಸುಳ್ಳು ಹೇಳಲ್ಲ, ಶುರುವಲ್ಲಿ ಕಷ್ಟ. ನನ್ನ ಮೊದಲ ಸಂಬಳ ಹದಿನೆಂಟು ಸಾವಿರ. ಒಂದು ರೆಸಾರ್ಟಲ್ಲಿ ಡಾಕ್ಟರ್ ಅಂತ ಸೇರಿಸ್ಕೊಂಡು ಪ್ಯಾಕೇಜ್ ಮಾರೋಕೆ ಟಾರ್ಗೆಟ್ ಕೊಟ್ರು, ನಾಲ್ಕು ತಿಂಗಳಿಗೆ ಬಿಟ್ಟು ಬಂದೆ. ಪ್ರಕೃತಿ ಚಿಕಿತ್ಸೆ ಆಸ್ಪತ್ರೆಗಳು, ವೆಲ್ನೆಸ್ ಸೆಂಟರ್‌ಗಳು, ಕಾಲೇಜಲ್ಲಿ ಪಾಠ, ಸ್ವಂತ ಕ್ಲಿನಿಕ್, ಇವೇ ದಾರಿಗಳು. ಎಂಡಿ ಮಾಡಿದ್ರೆ ಇನ್ನೂ ಮೂರು ವರ್ಷ, ಪಾಠ ಮಾಡೋ ಆಸೆ ಇದ್ರೆ ಮಾಡಿ. ನನ್ನ ಕ್ಲಿನಿಕ್ಕಿಗೆ ಬರೋರಲ್ಲಿ ಹೆಚ್ಚಿನವರು ಬೆನ್ನುನೋವು, ಬೊಜ್ಜು, ಶುಗರ್ ಶುರುವಾಗ್ತಿರೋರು, ನಿದ್ದೆ ಇಲ್ದಿರೋ ಐಟಿ ಹುಡುಗ್ರು. ಇವರಿಗೆ ಊಟ, ಯೋಗ, ನಿದ್ದೆ ಸರಿ ಮಾಡ್ಸಿದ್ರೆ ವ್ಯತ್ಯಾಸ ಕಾಣುತ್ತೆ, ಅದು ಕಣ್ಣಾರೆ ನೋಡಿದೀನಿ.

ಅಮೆರಿಕದಲ್ಲಿರೋ ಮಾವ ಅಲ್ಲಿಗೆ ಬಾ ಅಂತಿದಾರೆ ಅಂತ ಬರ್ದಿದೀರಲ್ಲ, ಅಲ್ಲಿನ ಎನ್‌ಡಿ ಅನ್ನೋ ನ್ಯಾಚುರೋಪತಿ ಡಿಗ್ರಿ ಬೇರೆ. ಡಿಗ್ರಿ ಮುಗ್ಸಿದ್ಮೇಲೆ ಮತ್ತೆ ನಾಲ್ಕು ವರ್ಷ ಅಲ್ಲಿನ ಮಾನ್ಯತೆ ಇರೋ ಕಾಲೇಜಲ್ಲೇ ಓದಿ, ಎನ್‌ಪ್ಲೆಕ್ಸ್ ಅನ್ನೋ ಪರೀಕ್ಷೆ ಬರೀಬೇಕು, ಲೈಸೆನ್ಸ್ ಕೊಡೋದೂ ಎಲ್ಲ ರಾಜ್ಯಗಳಲ್ಲೂ ಇಲ್ಲ. ಬಿಎನ್‌ವೈಎಸ್ ಸರ್ಟಿಫಿಕೇಟ್ ಹಿಡ್ಕೊಂಡು ಸೀದಾ ಹೋಗಿ ಬೋರ್ಡ್ ಹಾಕೋಕಾಗಲ್ಲ. ಅದಕ್ಕೋಸ್ಕರ ಸೇರೋದಾದ್ರೆ ಬೇಡ.

ಇಲ್ಲಿ ಮಾತ್ರ ನೆನಪಿಟ್ಕೊಳಿ, ಓದು ಮುಗಿದ್ಮೇಲೆ ರಾಜ್ಯದ ಬೋರ್ಡಲ್ಲಿ ರಿಜಿಸ್ಟರ್ ಮಾಡಿಸ್ಲೇಬೇಕು, ಅದಕ್ಕೆ 1961ರ ಕಾಯ್ದೆನೇ ಇದೆ. ಪೋಸ್ಟಲ್ಲಿ ಒಂದು ವರ್ಷಕ್ಕೆ, ಎರಡು ವರ್ಷಕ್ಕೆ "ನ್ಯಾಚುರೋಪತಿ ಡಾಕ್ಟರ್" ಮಾಡಿಸ್ತೀವಿ ಅನ್ನೋ ಜಾಹೀರಾತು ಬರುತ್ತೆ, ಅದೂ ಇದೂ ಒಂದೇ ಅಲ್ಲ. ನಮ್ಮ ಹೆಸರು ಅರ್ಧ ಕೆಟ್ಟಿರೋದೇ ಅವರಿಂದ.

ಇಷ್ಟೆಲ್ಲ ಓದಿ ತಲೆ ಕೆಟ್ಟಿದ್ರೆ ಒಂದು ಕೆಲಸ ಮಾಡಿ, ಅಮ್ಮನ್ನ ಕರ್ಕೊಂಡು ಯಾವುದಾದ್ರೂ ಕಾಲೇಜ್ ಆಸ್ಪತ್ರೆಗೆ ಒಂದು ವಾರ ಅಡ್ಮಿಟ್ ಮಾಡ್ಸಿ, ನೀವೂ ಜೊತೆಗಿರಿ. ಬೆಳಿಗ್ಗೆ ಐದೂವರೆಗೆ ಎದ್ದು ಟ್ರೀಟ್‌ಮೆಂಟ್ ಸೆಕ್ಷನ್ ಕಡೆ ಹೋಗಿ ನಿಂತ್ಕೊಳಿ, ಒದ್ದೆ ನೆಲ, ಹಬೆ, ಬೇರೆಯವರ ಮೈಗೆ ಎಣ್ಣೆ, ಎನಿಮಾ ಕ್ಯಾನು, ಇದೆಲ್ಲ ನೋಡಿ ಮುಖ ಸಿಂಡರಿಸುತ್ತೋ ಇಲ್ವೋ ನಿಮಗೇ ಗೊತ್ತಾಗುತ್ತೆ. ಪ್ರಿನ್ಸಿಪಾಲ್‌ನ ಕೇಳ್ಬೇಡಿ, ರಾತ್ರಿ ಡ್ಯೂಟಿ ಮುಗ್ಸಿ ಬರ್ತಿರೋ ಇಂಟರ್ನ್‌ನ ಹಿಡ್ಕೊಂಡು ಕೇಳಿ. ಅಷ್ಟರಲ್ಲಿ ಸಿಇಟಿ ಸೀಟಿಗೆ ಕಾಲೇಜ್ ಆರಿಸೋ ಆಪ್ಷನ್ ಎಂಟ್ರಿ ಡೇಟ್ ಮಿಸ್ ಮಾಡ್ಕೋಬೇಡಿ, ನನ್ನ ಕ್ಲಾಸ್‌ಮೇಟ್ ಒಬ್ಬ ಹಾಗೆ ಮಾಡ್ಕೊಂಡು ಒಂದು ವರ್ಷ ಲೇಟಾಗಿ ನನ್ನ ಜೂನಿಯರ್ ಆಗಿ ಬಂದ.